ಮೂರು ಮೊಳ ದಾರಿ

ದಾವಣಗೆರೆ

ಫೆಬ್ರುವರಿ 3, ಸೋಮವಾರ, ಬೆಳಿಗ್ಗೆ 6 ಗಂಟೆ 10 ನಿಮಿಷಕ್ಕೆ ನಮ್ಮ ವಿದೇಶ ಪ್ರವಾಸ ಶುರುವಾಯಿತು. ಶುರುವಾದ ಐದೇ ನಿಮಿಷಕ್ಕೆ ನಿಂತಿತು. ಬಸ್ ನಿಲ್ದಾಣಕ್ಕೆ ಹೊರಟಿದ್ದ ಆಟೊವನ್ನು ಶಾಂತತ್ತೆ ಪಿ.ಜೆ. ಬಡಾವಣೆಯ ಕಡೆ ತಿರುಗಿಸಿ, ಫುಟ್‌ಪಾತಿನ ಮೇಲಿದ್ದ ತಮ್ಮ ಗಾಡಿಯ ಮುಂದೆ ನಿಲ್ಲಿಸಿದರು. ಮಿರ್ಚಿ, ಮಂಡಕ್ಕಿ ಮಾರುವ ಗಾಡಿ. ಹದಿನಾಲ್ಕು ವರ್ಷದಿಂದ ಅದೇ ಜಾಗದಲ್ಲಿದೆ. ಅದರ ಮೇಲೆ ಹೊದಿಸಿದ್ದ ನೀಲಿ ತಾಡಪಾಲಿನ ಹಗ್ಗವನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದರು.

"ಅತ್ತೆ, ಬಸ್ ಹೋಗ್ತೈತೆ."

"ಹೋಗ್ಲಿ ಬಿಡು, ಹಿಂದೆ ಇನ್ನೊಂದು ಬರ್ತೈತೆ. ನಾವು ವಾಪಸ್ ಬರೋ ಹೊತ್ತಿಗೆ ಗಾಡಿ ಇರ್ತೈತೋ ಇಲ್ಲೋ. ಒಂದ್ಸಲ ಕಣ್ತುಂಬ ನೋಡ್ಕಂತೀನಿ."

ಶಾಂತತ್ತೆ ನನ್ನ ಅಪ್ಪನ ಅಕ್ಕ. ನಾನು ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತೇನೆ, ಅವರ ಮನೆಯಲ್ಲಿಯೇ ಇದ್ದೇನೆ. ಅವರ ಭಯಕ್ಕೆ ಕಾರಣವಿತ್ತು. ಜನವರಿ ಕೊನೆಯಲ್ಲಿ ನಗರದ ಕಚೇರಿಯಿಂದ ಒಂದು ಪ್ರಕಟಣೆ ಬಂದಿತ್ತು. ಫುಟ್‌ಪಾತು ಹಾಗೂ ಸಾರ್ವಜನಿಕ ದಾರಿಗಳಿಗೆ ಅಡ್ಡಿ ಮಾಡುವುದರ ಕುರಿತ ನಿಯಮಕ್ಕೆ ತಿದ್ದುಪಡಿ ತರುತ್ತಾರಂತೆ. ಇದುವರೆಗೆ ಓಡಾಟಕ್ಕೆ ತೊಂದರೆಯಾದರೆ ಮಾತ್ರ ತಪ್ಪು ಎಂದಿತ್ತು. ತಿದ್ದುಪಡಿಯಾದರೆ ತೊಂದರೆಯಾಗಲಿ ಬಿಡಲಿ, ಫುಟ್‌ಪಾತಿನ ಮೇಲೆ ಇಟ್ಟದ್ದನ್ನೆಲ್ಲ ಎತ್ತಿಕೊಂಡು ಹೋಗಬಹುದು. ಆಕ್ಷೇಪಣೆ ಇದ್ದವರು ಫೆಬ್ರುವರಿ 24ರ ಸಭೆಗೆ ಬಂದು ಹೇಳಬೇಕು.

ಆ ಸಾಲಿನಲ್ಲಿ ಎಂಟು ಗಾಡಿಗಳಿವೆ. ಅತ್ತೆಯ ವಾದ ಮಾತ್ರ ಒಂದೇ. "ಯಾರಿಗೆ ಅಡ್ಡ ಐತೆ? ಸುತ್ತಾಕ್ಕಂಡು ಹೋಗ್ತಾರೆ. ಇಷ್ಟು ವರ್ಷದಾಗ ಒಬ್ರೂ ಬಾಯಿ ಬಿಟ್ಟಿಲ್ಲ."

ಅತ್ತೆಯ ಮಗಳು ಸವಿತಾ ನ್ಯೂಜಿಲೆಂಡಿನ ಒಂದು ಸಣ್ಣ ಊರಿನಲ್ಲಿ ನರ್ಸ್, ನಾವು ಹೊರಟಿದ್ದು ಅವಳ ಮನೆಗೆ. ಟಿಕೆಟ್ ಡಿಸೆಂಬರಿನಲ್ಲೇ ಆಗಿತ್ತು, ಇಲ್ಲದಿದ್ದರೆ ಅತ್ತೆ ಹೊರಡುತ್ತಿರಲಿಲ್ಲ. ಪಕ್ಕದ ಎಳನೀರಿನ ಗಾಡಿಯ ಖಾದರ್ ಸಾಬರು ಅಷ್ಟು ಹೊತ್ತಿಗಾಗಲೇ ಬಂದು ಕಾಯಿ ಜೋಡಿಸುತ್ತಿದ್ದರು.

"ಹೋಗ್ಬರ್ರಿ ಶಾಂತಕ್ಕ. ನಿಮ್ ಗಾಡಿ ಎತ್ತಾಕೆ ಬಂದ್ರೆ ನಂದೂ ಎತ್ತಬೇಕಲ್ಲ? ಒಂದೇ ಲಾರಿಯಾಗೆ ಹೋಗ್ತಾವೆ, ಬೇಜಾರಿರಲ್ಲ."

"ಬಾಯಿಗೆ ಒಳ್ಳೇ ಮಾತು ಬರಲ್ವೇನ್ರೀ ನಿಮಗೆ!" ಎಂದು ಅತ್ತೆ ನಗುತ್ತಲೇ ಆಟೊ ಹತ್ತಿದರು. ಮುಂದಿನ ಬಸ್ಸು ಸಿಕ್ಕಿತು.

ವಿಮಾನ ನಿಲ್ದಾಣ, ಫೆಬ್ರುವರಿ 5

ಎರಡು ವಿಮಾನ, ನಾಲ್ಕು ಸಲ ಊಟ, ಅತ್ತೆ ಪೂರ್ತಿ ತಿಂದದ್ದು ಒಂದು ಸಲ. ಇಳಿದ ಮೇಲೆ ಒಂದು ಪುಟ್ಟ ನಾಯಿ ಎಲ್ಲರ ಸಾಮಾನನ್ನೂ ಮೂಸುತ್ತ ಬಂದು ಅತ್ತೆಯ ಚೀಲದ ಪಕ್ಕ ತಟ್ಟನೆ ಕುಳಿತಿತು.

"ನೋಡೇ ರೂಪಾ, ಎಷ್ಟು ಹೊಂದ್ಕಂತು! ಅಷ್ಟು ಜನದಾಗ ನಮ್ಮನ್ನೇ ಆರಿಸ್ಕಂತು" ಎಂದು ಅತ್ತೆ ಹಿಗ್ಗಿ, ಅದಕ್ಕೆ ಬಿಸ್ಕತ್ತು ಹುಡುಕತೊಡಗಿದರು. ನಾಯಿಯ ಪಟ್ಟಿ ಹಿಡಿದಿದ್ದ ಅಧಿಕಾರಿಣಿ ನಯವಾಗಿ ಚೀಲವನ್ನೇ ಕೇಳಿದಳು. ಹಣ್ಣು, ಬೀಜ, ಸೊಪ್ಪು ಯಾವುದನ್ನೂ ಆ ದೇಶದೊಳಕ್ಕೆ ಬಿಡುವುದಿಲ್ಲ. ತಿನ್ನುವ ವಸ್ತುಗಳಿವೆ ಎಂದು ನಾನು ಚೀಟಿಯಲ್ಲಿ ಮೊದಲೇ ಬರೆದಿದ್ದರಿಂದ ಬಚಾವಾದೆವು. ಮಂಡಕ್ಕಿ, ಚಟ್ನಿಪುಡಿ, ರೊಟ್ಟಿ ಪಾಸಾದವು. ಸೀರೆಯ ಮಡಿಕೆಯೊಳಗಿದ್ದ ಒಂದು ಕಂತೆ ಕರಿಬೇವು ಅಲ್ಲೇ ಉಳಿಯಿತು. ಅದು ಅಲ್ಲಿರುವುದು ನನಗೂ ಗೊತ್ತಿರಲಿಲ್ಲ.

"ಅಷ್ಟು ಮುದ್ದಾಗಿ ಕುಂತು ಚಾಡಿ ಹೇಳ್ತಲ್ಲ!" ಎಂದು ಅತ್ತೆ ಬಾಗಿಲು ದಾಟುವವರೆಗೂ ತಿರುತಿರುಗಿ ನಾಯಿಯನ್ನು ನೋಡಿದರು.

ಸವಿತಾಳ ಬೀದಿ

ಅಲ್ಲಿಯೂ ಫುಟ್‌ಪಾತನ್ನು ಫುಟ್‌ಪಾತ್ ಎಂದೇ ಕರೆಯುತ್ತಾರೆ. ಹೆಸರು ಒಂದೇ, ವಸ್ತು ಬೇರೆ. ಊರು ಬಿಡುವ ಹಿಂದಿನ ದಿನ ನಮ್ಮ ಗಾಡಿ ಸಾಲಿನ ಬೀದಿಯ ಒಂದು ಮಗ್ಗುಲನ್ನು ಎಣಿಸಿ ಬರೆದುಕೊಂಡಿದ್ದೆ: ಬೈಕು 31, ಗಾಡಿ 8, ಜನರೇಟರ್ 3, ಮರಳಿನ ರಾಶಿ 2, ಮಲಗಿದ ಹಸು 1. ಸವಿತಾಳ ಬೀದಿಯಲ್ಲಿ ಅಷ್ಟೇ ಉದ್ದಕ್ಕೆ ಸಿಕ್ಕಿದ್ದು ಒಂದು ಬೆಕ್ಕು. ಅದೂ ನಾನು ಬರೆಯುವಷ್ಟರಲ್ಲಿ ಎದ್ದು ಹೋಯಿತು.

ಎದುರಿಗೆ ಬಂದವರು ಗುರುತಿಲ್ಲದಿದ್ದರೂ ನಕ್ಕು, ಇವತ್ತು ಬಿಸಿಲು ಚೆನ್ನಾಗಿದೆ ಎಂದು ಹೇಳಿ ಹೋಗುತ್ತಾರೆ. ನಮ್ಮಲ್ಲಿ ಫೆಬ್ರುವರಿಯಲ್ಲಿ ಯಾರಾದರೂ ಹಾಗೆಂದರೆ ಹಣೆ ಮುಟ್ಟಿ ನೋಡುತ್ತೇವೆ. ಇನ್ನೊಂದು ವಿಚಿತ್ರ, ಬರಿಗಾಲು. ದಿನಸಿ ಅಂಗಡಿಯಲ್ಲಿ ಎತ್ತರದ ಗಂಡಸೊಬ್ಬ ಚಪ್ಪಲಿಯಿಲ್ಲದೆ ಹಾಲು ಆರಿಸುತ್ತಿದ್ದ.

"ಅಯ್ಯೋ ಪಾಪ, ಇಲ್ಲೂ ಬಡವ್ರು ಅದಾರೆ" ಎಂದು ಅತ್ತೆ ಮರುಗಿದರು. ಆತ ಹೊರಗೆ ಬಂದು ನಮ್ಮ ಮನೆಯಷ್ಟಿದ್ದ ಕಾರು ಹತ್ತಿ ಹೋದ. ಅತ್ತೆ ಕಾರು ತಿರುಗುವವರೆಗೆ ನೋಡಿ, "ನಾವು ಗುಡಿ ಮುಂದೆ ಬಿಡ್ತೀವಿ, ಇವ್ರು ಮನ್ಯಾಗೇ ಬಿಟ್ಟು ಬರ್ತಾರೆ. ಕಳುವಾಗಲ್ಲ, ಒಳ್ಳೇದೇ" ಎಂದರು.

ಆದರೆ ರಾತ್ರಿ ಊಟಕ್ಕೆ ಕುಳಿತಾಗ ಮಾತು ಮತ್ತೆ 24ನೇ ತಾರೀಖಿಗೇ ಬರುತ್ತಿತ್ತು.

"ಗಾಡಿ ಹೋದ್ರೆ ಹೋಗ್ಲಿ ಅವ್ವ, ನೀನು ಇಲ್ಲೇ ಇದ್ಬಿಡು" ಎಂದಳು ಸವಿತಾ.

"ಇಲ್ಲಿದ್ದು? ಬೆಕ್ಕಿಗೆ ಮಿರ್ಚಿ ಮಾರ್ಲೇನು?"

ಸಂಡಿಗೆ, ಫೆಬ್ರುವರಿ 7

ಶುಕ್ರವಾರ ಸವಿತಾ ಡ್ಯೂಟಿಗೆ ಹೋದ ಮೇಲೆ ಅತ್ತೆ ಅಕ್ಕಿ ಸಂಡಿಗೆಯ ಹಿಟ್ಟು ಕಾಸಿದರು. ಮಗಳಿಗೆ ಒಂದು ಡಬ್ಬಿ ಮಾಡಿಟ್ಟು ಬರಬೇಕೆಂಬ ಆಸೆ. ಹಿತ್ತಲಿನಲ್ಲಿ ಪಕ್ಕದ ಮನೆಯ ಮರದ ನೆರಳು. ಮನೆ ಮುಂದಿನ ಫುಟ್‌ಪಾತಿನ ಮೇಲೆ ಮಾತ್ರ ನಿಗಿನಿಗಿ ಬಿಸಿಲು.

"ಬಂಗಾರದಂಥ ಬಿಸ್ಲು ವೇಸ್ಟ್ ಆಗಾಕತ್ತೈತಲ್ಲೇ."

ಅತ್ತೆ ಮದುವೆಯಾಗಿ ಹೋದದ್ದು ಕುಕ್ಕುವಾಡಕ್ಕೆ. ಅಲ್ಲಿ ಸುಗ್ಗಿಯಲ್ಲಿ ಭತ್ತ, ಮೆಕ್ಕೆಜೋಳ ಎಲ್ಲ ಒಣಗುವುದು ಡಾಂಬರು ರಸ್ತೆಯ ಮೇಲೆಯೇ. ಬಸ್ಸು ಅದರ ಮೇಲೆ ಹಾದರೂ ಯಾರೂ ಏನೂ ಅನ್ನುವುದಿಲ್ಲ. ನಾನೂ ತಡೆಯಲಿಲ್ಲ. ಅದಕ್ಕೆ ನನ್ನದೇ ಲೆಕ್ಕ ಕಾರಣ. ಹಿಂದಿನ ದಿನ ಒಂದು ತಾಸು ಕಿಟಕಿಯಲ್ಲಿ ಕುಳಿತು ಎಣಿಸಿದ್ದೆ: ಹಾದು ಹೋದವರು ಮೂವರು. ಹಳೆಯ ಸೀರೆಯನ್ನು ಫುಟ್‌ಪಾತಿನ ಅಗಲಕ್ಕೂ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಇಬ್ಬರೂ ಕುಕ್ಕರಗಾಲಲ್ಲಿ ಕುಳಿತು ಸಾಲಾಗಿ ಸಂಡಿಗೆ ಹಾಕಿದೆವು. ನೂರಾ ಹನ್ನೆರಡು ಆದವು. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆವು.

ಕಿಟಕಿಯಿಂದ ನೋಡಿದರೆ ಬ್ಯಾಟರಿ ಕುರ್ಚಿಗಾಡಿಯೊಂದು ಸೀರೆಯ ಅಂಚಿಗೆ ಬಂದು ನಿಂತಿದೆ. ನಡೆಯಲಾಗದವರು ಕುಳಿತು ಓಡಿಸುವ ನಾಲ್ಕು ಚಕ್ರದ ಗಾಡಿ. ಅದರ ಮೇಲೆ ಬಿಳಿ ಕೂದಲಿನ ಅಜ್ಜಿ. ಅವರು ಹಾರ್ನ್ ಹೊಡೆಯಲಿಲ್ಲ, ಕೂಗಲಿಲ್ಲ. ಸಂಡಿಗೆಯನ್ನು ಸ್ವಲ್ಪ ಹೊತ್ತು ನೋಡಿ, ಪಕ್ಕದ ಹುಲ್ಲಿನ ಮೇಲೆ ಸುತ್ತಿಕೊಂಡು ಹೋಗಲು ಗಾಡಿ ತಿರುಗಿಸಿದರು. ಹುಲ್ಲಿಗೆ ಆಗಷ್ಟೇ ನೀರು ಬಿಟ್ಟಿದ್ದರು. ಹಿಂದಿನ ಚಕ್ರ ಗಸಕ್ಕೆಂದು ಹೂತುಹೋಯಿತು.

ನಾವು ಓಡಿದೆವು. ನಾನು ತಳ್ಳಿದೆ, ಅತ್ತೆ ತಳ್ಳಿದರು, ಗಾಡಿ ಇನ್ನಷ್ಟು ಇಳಿಯಿತು. ಗಾಬರಿಯಲ್ಲಿ ಅತ್ತೆ ಚಕ್ರದಡಿಗೆ ಕೊಡಲು ಕೈಗೆ ಸಿಕ್ಕಿದ ಬಟ್ಟೆಯನ್ನು ಸೆಳೆದರು. ಅದು ಸಂಡಿಗೆ ಸೀರೆ. ನೂರಾ ಹನ್ನೆರಡೂ ಒಂದೇ ಮುದ್ದೆಯಾದವು. ಹಿಟ್ಟಿನ ಮೇಲೆ ಚಕ್ರ ಗಿರಗಿರ ತಿರುಗಿ, ನನ್ನ ಕುರ್ತಾದ ಮೇಲೆ ಜೀರಿಗೆ ಸಮೇತ ಎರಚಿತು. ಕೊನೆಗೆ ಬಾಗಿಲ ಮುಂದಿನ ಕಾಲೊರಸು ತಂದು ಹಾಕಿದಾಗ ಗಾಡಿ ಮೇಲೆ ಬಂತು. ಅಜ್ಜಿ ಅಷ್ಟು ಹೊತ್ತೂ ನಗುತ್ತಿದ್ದರು.

"ಬರ್ರಿ, ಒಳಗೆ ಬರ್ರಿ, ಚಾ ಕುಡೀರಿ" ಎಂದು ಅತ್ತೆ ಕೈ ಹಿಡಿದರು. ಅಜ್ಜಿಗೆ ಕನ್ನಡ ಬಾರದಿದ್ದರೂ ಬಂದರು. ಗೇಟಿನ ಮೆಟ್ಟಿಲು ಹತ್ತಲಾಗದ್ದರಿಂದ ಚಹಾವೇ ಹೊರಗೆ ಬಂತು.

ಅವರ ಹೆಸರು ಮಾರ್ಗರೆಟ್, ಮೂರು ಮನೆ ಆಚೆ ಇರುವವರು. ನಾನು ಹತ್ತು ಸಲ ಕ್ಷಮೆ ಕೇಳಿದೆ. ಅವರು ಅದನ್ನು ಬಿಟ್ಟು, ನಾವು ಹಾಕಿದ್ದು ಏನು, ಹೇಗೆ ತಿನ್ನುತ್ತಾರೆ ಎಂದು ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು: "ದಾರಿಯಲ್ಲಿ ಏನಾದರೂ ಇದ್ದರೆ ಬೇರೆಯವರು ಸುತ್ತಿಕೊಂಡು ಹೋಗುತ್ತಾರೆ. ನಾನು ಮನೆಗೆ ವಾಪಸ್ ಹೋಗುತ್ತೇನೆ. ಇವತ್ತು ಪ್ರಯತ್ನ ಮಾಡಿದ್ದು ನನ್ನ ತಪ್ಪು."

ನಾನು ಅದನ್ನು ಅತ್ತೆಗೆ ಹೇಳಿದೆ. ಅತ್ತೆ ಲೋಟ ಕೆಳಗಿಟ್ಟರು. "ನಮ್ಮ ಸಾಲಿನ ಮುಂದಿಂದ ಯಾರ್ಯಾರು ವಾಪಸ್ ಹೋಗ್ಯಾರೋ. ಅವ್ರು ನಮಗೆ ಕಾಣೋದೇ ಇಲ್ಲ ನೋಡು" ಎಂದರು.

ಅತ್ತೆಗೆ ಗಾಡಿ ಇದೆ, ಅದಕ್ಕೆ ಕುತ್ತು ಬಂದಿದೆ ಎಂದು ತಿಳಿದು ಮಾರ್ಗರೆಟ್ ಕೈ ತಟ್ಟಿ ನಕ್ಕರು. ಅವರ ಊರಿನಲ್ಲೂ ಅದೇ ನಿಯಮದ ತಿದ್ದುಪಡಿ ನಡೆಯುತ್ತಿತ್ತು. ಪೇಟೆಬೀದಿಯ ಫುಟ್‌ಪಾತಿನಿಂದ ಮೇಜು, ಕುರ್ಚಿ, ಬೋರ್ಡು ಎಲ್ಲ ತೆಗೆಸುವ ಕರಡು. ಮಂಗಳವಾರ ಜನರ ಮಾತು ಕೇಳುವ ಸಭೆ. ಅವರೂ ಮಾತಾಡುವವರಿದ್ದರು.

"ಅವರನ್ನೂ ಕರೆದುಕೊಂಡು ಬಾ," ಎಂದರು ನನಗೆ. "ಎದುರು ಪಕ್ಷದವರು ಇರಬೇಕು."

ಪುರಸಭೆ, ಫೆಬ್ರುವರಿ 11

ಸಭೆ ಎಂದರೆ ಗದ್ದಲವೆಂದುಕೊಂಡು ಅತ್ತೆ ಗಟ್ಟಿ ಜಾಗ ನೋಡಿ ಕುಳಿತಿದ್ದರು. ಅಲ್ಲಿ ಒಬ್ಬೊಬ್ಬರಿಗೂ ಐದು ನಿಮಿಷ, ಆಮೇಲೆ ಒಂದು ಸಣ್ಣ ಗಂಟೆ. ಮಾತಾಡಿದವರು ಹನ್ನೊಂದು ಜನ, ಗಂಟೆ ಮೀರಿದವರು ಇಬ್ಬರು, ಬೈದವರು ಸೊನ್ನೆ.

"ಜಗಳ ಯಾವಾಗ ಶುರು?" ಎಂದು ಅತ್ತೆ ಎರಡು ಸಲ ಕೇಳಿದರು.

ಕಾಫಿ ಅಂಗಡಿಯವಳು, ಹೊರಗಿನ ಮೇಜು ತೆಗೆದರೆ ಅರ್ಧ ಗಿರಾಕಿಗಳು ಹೋಗುತ್ತಾರೆ ಎಂದು ಕಣ್ಣು ತುಂಬಿಕೊಂಡಳು. ಅತ್ತೆ ಭಾಷೆ ತಿಳಿಯದೆಯೂ ತಲೆಯಾಡಿಸಿದರು. ಒಬ್ಬರು ಐದು ನಿಮಿಷ ಪೂರ್ತಿ ಪಕ್ಕದ ಮನೆಯ ಬೇಲಿಗಿಡದ ಮೇಲೇ ಮಾತಾಡಿದರು. ಪಕ್ಕದ ಮನೆಯವರು ಎರಡು ಸಾಲು ಹಿಂದೆ ಕುಳಿತು ಕೇಳುತ್ತಿದ್ದರು.

ಮಾರ್ಗರೆಟ್ ಎಲ್ಲ ತೆಗೆಸಿ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಬೇರೆಯೇ ಹೇಳಿದರು.

"ಮೇಜು ಇರಲಿ, ಕಾಫಿ ನನಗೂ ಬೇಕು. ಆದರೆ ಒಬ್ಬರು ಗೋಡೆಯ ಕಡೆ ಇಡುತ್ತಾರೆ, ಇನ್ನೊಬ್ಬರು ರಸ್ತೆಯ ಕಡೆ. ನಾನು ಹಾವಿನ ಹಾಗೆ ಹೋಗಬೇಕು. ಕಣ್ಣು ಕಾಣದ ನನ್ನ ಗೆಳತಿ ಗೋಡೆ ಹಿಡಿದು ನಡೆಯುತ್ತಾಳೆ, ಅವಳು ಮೇಜಿಗೇ ಹೋಗಿ ಬಡಿಯುತ್ತಾಳೆ. ಎಲ್ಲರೂ ರಸ್ತೆಯ ಕಡೆ ಇಡಲಿ. ಗೋಡೆಯ ಕಡೆ ಬೀದಿಯ ಈ ತುದಿಯಿಂದ ಆ ತುದಿಗೆ ಒಂದೇ ನೇರ ದಾರಿ ಬಿಡಲಿ."

ಎಷ್ಟು ಅಗಲ ಎಂದು ಅಧ್ಯಕ್ಷರು ಕೇಳಿದರು. ಮಾರ್ಗರೆಟ್ ಇಬ್ಬರು ಸದಸ್ಯರನ್ನು ಎಬ್ಬಿಸಿ, ಅವರ ಕುರ್ಚಿಗಳನ್ನು ಎದುರುಬದುರು ಇಡಿಸಿ, ನಡುವೆ ಗಾಡಿ ಓಡಿಸಿದರು. ಒಂದು ಕುರ್ಚಿ ಉರುಳಿತು. ಇನ್ನೂ ಸರಿಸಿ ಎಂದರು. ಈ ಸಲ ಆರಾಮಾಗಿ ದಾಟಿ, ಪಕ್ಕದಲ್ಲಿ ಒಬ್ಬರು ನಡೆಯುವಷ್ಟು ಜಾಗವನ್ನೂ ತೋರಿಸಿದರು. ಅತ್ತೆ ಜೋರಾಗಿ ಚಪ್ಪಾಳೆ ತಟ್ಟಿದರು. ಇಡೀ ಸಭೆಯಲ್ಲಿ ಚಪ್ಪಾಳೆ ಅದೊಂದೇ. ಎಲ್ಲರೂ ತಿರುಗಿ ನೋಡಿದರು.

ಸಭೆ ಮುಗಿದ ಮೇಲೆ ಅತ್ತೆ ನೇರ ಆ ಕುರ್ಚಿಗಳ ನಡುವೆ ಹೋಗಿ, ಬಗ್ಗಿ, ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದರು. ಒಂದು, ಎರಡು, ಮೂರು.

"ಬರ್ಕೊ ರೂಪಾ. ಮೂರು ಮೊಳ."

ಅವರ ತೀರ್ಮಾನ ಬರುವುದಕ್ಕೆ ಇನ್ನೂ ಕೆಲವು ವಾರ ಬೇಕೆಂದರು. ನಾವು 14ಕ್ಕೆ ಹೊರಟೆವು. ಸವಿತಾಳ ಡಬ್ಬಿಗೆ ಎರಡನೇ ಸಲ ಹಾಕಿದ ಸಂಡಿಗೆ ತುಂಬಿತ್ತು. ಈ ಸಲ ಒಣಗಿಸಿದ್ದು ಕಾರಿನ ಮೇಲೆ.

ಹರಿಹರ, ಫೆಬ್ರುವರಿ 17

ಭಾನುವಾರ ದಾವಣಗೆರೆ ಮುಟ್ಟಿದೆವು. ಗಾಡಿ ಇದ್ದ ಹಾಗೇ ಇತ್ತು. ಸೋಮವಾರ ಬೆಳಿಗ್ಗೆ ಅತ್ತೆ ಅದನ್ನು ಟೆಂಪೊಗೆ ಏರಿಸಿ ಹರಿಹರಕ್ಕೆ ಹೊರಟರು. ಹರಿಹರದಲ್ಲಿ ಅಪ್ಪನ ವೆಲ್ಡಿಂಗ್ ಅಂಗಡಿ ಇದೆ.

"ಏನಕ್ಕ, ಫಾರಿನ್ನಿಂದ ಚಾಕೊಲೇಟು ತರ್ತೀಯ ಅಂದ್ರೆ ಗಾಡಿ ತಂದೀಯಲ್ಲ" ಎಂದರು ಅಪ್ಪ.

"ಚಾಕೊಲೇಟು ಐತೆ, ಕೆಲ್ಸ ಮುಗುದ್ಮ್ಯಾಲೆ ಕೊಡ್ತೀನಿ. ಇದನ್ನ ಸಣ್ಣಗೆ ಮಾಡು."

ನಮ್ಮ ಫುಟ್‌ಪಾತಿನ ಅಗಲ ನಾಲ್ಕೂವರೆ ಮೊಳ. ಗೋಡೆಯ ಕಡೆ ಮೂರು ಮೊಳ ಬಿಟ್ಟರೆ ಗಾಡಿಗೆ ಉಳಿಯುವುದು ಒಂದೂವರೆ. ಅಪ್ಪ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು, ತಲೆ ಕೆರೆದುಕೊಂಡು, "ಗಾಡಿ ಹಿಡಿಸ್ತೀನಿ. ತಿನ್ನೋರು ಎಲ್ಲಿ ನಿಲ್ತಾರೆ? ನಿನ್ನ ಮೂರು ಮೊಳದಾಗೇ ನಿಲ್ತಾರೆ!" ಎಂದರು.

ಇದು ಅತ್ತೆಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಮೂವರೂ ಊಟ ಮಾಡಿದೆವು, ಅಕ್ಕ ತಮ್ಮ ಒಂದು ಸುತ್ತು ಜಗಳವಾಡಿದರು. ಮಧ್ಯಾಹ್ನದ ಮೇಲೆ ಅಪ್ಪನೇ ದಾರಿ ಕಂಡುಹಿಡಿದರು. ಗಾಡಿಯನ್ನು ಒಂದೂವರೆ ಮೊಳಕ್ಕೆ ಇಳಿಸಿ, ಉದ್ದದ ಎರಡು ಮಗ್ಗುಲನ್ನೂ ತಗಡು ಹೊಡೆದು ಮುಚ್ಚಿ, ತಟ್ಟೆ ಇಡುವ ಹಲಗೆಯನ್ನು ಎರಡು ತುದಿಗಳಿಗೆ ಕೂಡಿಸಿದರು. ಮುಂದೆ ನಿಂತರೆ ತಗಡು ಮಾತ್ರ ಕಾಣುತ್ತದೆ. ಮಿರ್ಚಿ ಬೇಕಾದರೆ ಎರಡು ಗಾಡಿಗಳ ನಡುವಿನ ಸಂದಿಗೆ ಬರಲೇಬೇಕು. ಗಿರಾಕಿಗಳು ಕೂರುತ್ತಿದ್ದ ಬೆಂಚು ಮಾತ್ರ ಹೋಯಿತು.

ಮತ್ತೆ ದಾವಣಗೆರೆ

ಒಂದೇ ಗಾಡಿ ಸರಿದರೆ ದಾರಿಯಾಗುವುದಿಲ್ಲ. ಎಂಟೂ ಸರಿಯಬೇಕು. ಅತ್ತೆ ನಾಲ್ಕು ದಿನ ಅದೇ ಕೆಲಸ ಮಾಡಿದರು.

"ಶಾಂತಕ್ಕಗೆ ಫಾರಿನ್ ಗಾಳಿ ಬಡಿದೈತೆ," ಎಂದರು ಖಾದರ್ ಸಾಬರು. "ನಾಳೆ ಎಳನೀರಿಗೂ ಗಂಟೆ ಹೊಡೀರಿ ಅಂತಾರೆ."

"ಗಾಡಿ ಸರಿಸ್ತೀರೋ, ಲಾರಿಗೆ ಏರಿಸ್ತೀರೋ?"

ಸಾಬರು ಮೊದಲು ಸರಿಸಿದರು. ಉಳಿದ ಆರು ಜನ ಗೊಣಗುತ್ತಾ ಹಿಂದೆ ಬಂದರು. ಅಗಲ ಹೆಚ್ಚಾದ ಗಾಡಿಗಳನ್ನು ಅಪ್ಪನೇ ಸಣ್ಣಗೆ ಮಾಡಿಕೊಟ್ಟರು.

24ರ ಸಭೆಯಲ್ಲಿ ಗಂಟೆ ಇರಲಿಲ್ಲ, ಎಲ್ಲರೂ ಒಟ್ಟಿಗೇ ಮಾತಾಡಿದರು. ಜಗಳ ಬೇಕೆಂದಿದ್ದ ಅತ್ತೆಗೆ ಈಗ ಅದೇ ಅಡ್ಡಿ. ಕೊನೆಗೆ ಎದ್ದು ನಿಂತು, "ಸಾರ್, ನಮ್ಮನ್ನ ಬಿಟ್ಬಿಡ್ರಿ ಅಂತ ಕೇಳಾಕೆ ಬಂದಿಲ್ಲ. ಕುರ್ಚಿಗಾಡಿಯಾಗೆ ಕುಂತೋರು ಹೋಗೋವಷ್ಟು ದಾರಿ ಬಿಡದಿದ್ರೆ ನಮ್ಮ ಗಾಡಿ ನೀವೇ ಎತ್ಕಂಡು ಹೋಗ್ರಿ. ಬಿಟ್ರೆ ಎತ್ತಬ್ಯಾಡ್ರಿ. ಹಂಗಂತ ಬರೀರಿ. ನಾವು ಆಗ್ಲೇ ಬಿಟ್ಟೀವಿ, ಬಂದು ನೋಡ್ರಿ" ಎಂದರು. ಸಭೆ ನಡೆಸುತ್ತಿದ್ದ ಅಧಿಕಾರಿ ಮುಗುಳ್ನಕ್ಕು, ನಾಳೆ ಸಂಜೆ ಬರುತ್ತೇನೆ ಎಂದರು.

ಮಂಗಳವಾರ ಸಂಜೆ ನಿಜವಾಗಿಯೂ ಬಂದರು. ಅತ್ತೆ ಎಂಟು ಗಾಡಿಗಳ ಉದ್ದಕ್ಕೂ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆದಿದ್ದರು. ಗೆರೆಯ ಆಚೆ ಗಾಡಿ, ಈಚೆ ಖಾಲಿ ದಾರಿ. ಅಧಿಕಾರಿ ಟೇಪು ಹಿಡಿಸಿ ಅಳೆಯುತ್ತಿರುವಾಗಲೇ ಆ ಖಾಲಿ ದಾರಿಯಲ್ಲಿ ಒಂದು ಗಾಲಿಕುರ್ಚಿ ಬಂತು. ಕುಳಿತಿದ್ದವರು ಮೂರನೇ ಕ್ರಾಸಿನ ನಿವೃತ್ತ ಮೇಷ್ಟ್ರು, ತಳ್ಳುತ್ತಿದ್ದವರು ಅವರ ಸೊಸೆ. ನಾವು ಯಾರೂ ಕರೆಸಿರಲಿಲ್ಲ. ಸೊಸೆ ತರಕಾರಿಗೆ ಬಂದಾಗ ಗೆರೆ ನೋಡಿ ಹೋಗಿದ್ದರಂತೆ.

"ನಿಮ್ಮ ಮಿರ್ಚಿ ಆರು ವರ್ಷದಿಂದ ತಿಂತಿದೀನಮ್ಮ, ಪಾರ್ಸೆಲ್ಲು," ಎಂದರು ಮೇಷ್ಟ್ರು. "ಮನೆಗೆ ಬರೋ ಹೊತ್ತಿಗೆ ಮೆತ್ತಗಾಗಿರ್ತೈತೆ."

ಅತ್ತೆ ಬಾಣಲೆಯಿಂದ ಆಗಷ್ಟೇ ಎತ್ತಿದ ಎರಡನ್ನು ತಟ್ಟೆಗೆ ಹಾಕಿ ಸಂದಿಯಲ್ಲಿ ಅವರ ಕೈಗೆ ಕೊಟ್ಟರು. ಮೇಷ್ಟ್ರು ಬಾಯಿ ಸುಟ್ಟುಕೊಂಡು, ಹಾ ಹಾ ಎಂದು ಗಾಳಿ ಎಳೆದುಕೊಂಡು, ಕಣ್ಣಲ್ಲಿ ನೀರು ತುಂಬಿ ನಕ್ಕರು. ಅಧಿಕಾರಿಯೂ ಒಂದು ತಟ್ಟೆ ತೆಗೆದುಕೊಂಡರು. ಆದರೆ ಮಾತು ಕೊಡಲಿಲ್ಲ. ಕರಡಿನಲ್ಲಿ ಸೇರಿಸಿ ಮೇಲಕ್ಕೆ ಕಳಿಸುತ್ತೇನೆ, ಅಲ್ಲಿಯವರೆಗೆ ಗೆರೆ ಅಳಿಸಬೇಡಿ ಎಂದು ಹೇಳಿ ಹೋದರು.

ಮೇಷ್ಟ್ರು ಕೈ ಒರೆಸಿಕೊಂಡು ಮುಂದೆ ನೋಡಿದರು. "ಬೀದಿ ತುದಿಯ ಪಾರ್ಕಿನ ತನಕ ಹೋಗಬಹುದಾ?"

"ಇಲ್ಲ ಮೇಷ್ಟ್ರೇ. ಎಂಟನೇ ಗಾಡಿಗೆ ಗೆರೆ ಮುಗೀತು. ಆಮ್ಯಾಲೆ ಬರೀ ಬೈಕು."

ಅವರು ಬಂದ ದಾರಿಯಲ್ಲೇ ವಾಪಸ್ ಹೋದರು. ಅತ್ತೆ ಸ್ವಲ್ಪ ಹೊತ್ತು ನೋಡುತ್ತಿದ್ದು, ಒಲೆಯನ್ನು ನನ್ನ ಕೈಗೆ ಒಪ್ಪಿಸಿ, ರಂಗೋಲಿ ಡಬ್ಬಿ ಹಿಡಿದು ಬೈಕುಗಳ ಕಡೆ ನಡೆದರು. "ಯಾರ್ದಪ್ಪ ಇದು ಗಾಡಿ? ತೆಗೀರಿ ಸ್ವಲ್ಪ!" ಎಂಬ ಅವರ ಧ್ವನಿ ಬೀದಿಯ ತುದಿಯವರೆಗೂ ಕೇಳುತ್ತಿತ್ತು.

ಕರಡು ಇನ್ನೂ ಮೇಲಿನಿಂದ ಇಳಿದಿಲ್ಲ. ಬೈಕುಗಳಲ್ಲಿ ಇದುವರೆಗೆ ಸರಿದದ್ದು ಒಂಬತ್ತು. ಗಾಡಿಯನ್ನೂ ಉಳಿಸಿ ದಾರಿಯನ್ನೂ ಬಿಡಿಸುವ ಹಾಗೆ ನಿಯಮವನ್ನೇ ಬರೆದುಕೊಂಡ ಊರು ನಮ್ಮ ನಾಡಿನಲ್ಲಿ ಎಲ್ಲಾದರೂ ಇದ್ದರೆ, ಅದರಲ್ಲಿ ಏನೆಂದು ಬರೆದಿದ್ದಾರೆ, ಅಗಲ ಎಷ್ಟಿಟ್ಟಿದ್ದಾರೆ, ಬೈಕಿನವರನ್ನು ಹೇಗೆ ಒಪ್ಪಿಸಿದರು ಎಂಬುದನ್ನು ಬಲ್ಲವರು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಬೇಗ ಬರೆದರೆ ಒಳ್ಳೆಯದು. ಮೇಷ್ಟ್ರು ಪ್ರತಿ ಮಂಗಳವಾರ ಬಂದು, ಪಾರ್ಕು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದಾರೆ.